ಶರೀಫಜ್ಜನ ಬೈಗುಳ, ಬ್ಯಾಂಡಿನ ಗಿಟಾರು

ಬ್ಯಾಂಡೊಂದರ ಮೊದಲ ಆಲ್ಬಂನಲ್ಲಿ ಅದರ ಸದಸ್ಯರು ಬಹಳ ಕಾಲದಿಂದ ಕೂಡಿಟ್ಟುಕೊಂಡು ಬಂದ ಹಾಡುಗಳಿರುತ್ತವೆ. ಯಾರು ಕೇಳುತ್ತಾರೆ, ಕೇಳುತ್ತಾರೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ಕಟ್ಟಿದ ಹಾಡುಗಳು ಅವು. ಎರಡನೆಯ ಆಲ್ಬಂನ ಹೊತ್ತಿಗೆ ಕೇಳುಗರು ಯಾರೆಂದು ತಿಳಿದಿರುತ್ತದೆ, ಅವರಿಗೆ ಏನು ಇಷ್ಟವಾಯಿತು ಎಂಬುದೂ ತಿಳಿದಿರುತ್ತದೆ. ಆದ್ದರಿಂದಲೇ ಎರಡನೆಯದು ಕಷ್ಟ. ಹಾಡುಗಳು ಪ್ರೇಮದ ಬಗ್ಗೆಯೋ ಮಳೆಯ ಬಗ್ಗೆಯೋ ಇದ್ದರೆ ಈ ಕಷ್ಟ ಬರೀ ಕಸುಬಿನದು. ದೇವರ ಬಗ್ಗೆ, ಗುರುವಿನ ಬಗ್ಗೆ ಇದ್ದರೆ ಅದು ನಂಬಿಕೆಯ ಪ್ರಶ್ನೆಯೂ ಆಗುತ್ತದೆ. ದೇವರಿಗೆಂದು ಹಾಡಿದ್ದನ್ನು ಜನ ಮೆಚ್ಚಿ ಚಪ್ಪಾಳೆ ತಟ್ಟಿದ ಮೇಲೆ, ಮುಂದಿನ ಹಾಡು ಯಾರಿಗೆ?

ಈ ಪ್ರಶ್ನೆಯನ್ನು ಹೆಚ್ಚು ನೇರವಾಗಿ ಎದುರಿಸಿದವರು ಪಶ್ಚಿಮದ ಕ್ರೈಸ್ತ ಪಾಪ್ ರಾಕ್ ಬ್ಯಾಂಡುಗಳು. ಅಮೆರಿಕದಲ್ಲಿ ಅದು ಒಂದು ಪ್ರತ್ಯೇಕ ಉದ್ಯಮವೇ. ಅದಕ್ಕೆ ಅದರದೇ ರೇಡಿಯೋ, ಅದರದೇ ಅಂಗಡಿ, ಅದರದೇ ಪ್ರಶಸ್ತಿ. ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಕಟ್ಟಿದ 'ಜಾರ್ಸ್ ಆಫ್ ಕ್ಲೇ' ಬ್ಯಾಂಡಿನ ಮೊದಲ ಆಲ್ಬಂ 1995ರಲ್ಲಿ ಬಂತು. ಅದರ 'ಫ್ಲಡ್' ಎಂಬ ಹಾಡು ಚರ್ಚಿನ ವಲಯವನ್ನು ದಾಟಿ ಸಾಮಾನ್ಯ ರಾಕ್ ರೇಡಿಯೋದಲ್ಲೂ ಜನಪ್ರಿಯವಾಯಿತು. ಎರಡು ವರ್ಷದ ನಂತರ ಬಂದ ಎರಡನೆಯ ಆಲ್ಬಂಗೆ ಅವರಿಟ್ಟ ಹೆಸರು 'ಮಚ್ ಅಫ್ರೇಡ್', ಅಂದರೆ 'ಬಹಳ ಹೆದರಿದವಳು'. ಅದು ಹ್ಯಾನಾ ಹರ್ನಾರ್ಡ್ ಬರೆದ ಒಂದು ರೂಪಕ ಕಥೆಯ ನಾಯಕಿಯ ಹೆಸರು. ಕುಂಟುವ ಕಾಲಿನ ಆ ಹುಡುಗಿ ಕುರುಬನ ಮಾತನ್ನು ನಂಬಿ ಬೆಟ್ಟದ ತುದಿಗೆ ಹೊರಡುತ್ತಾಳೆ. ದಾರಿಯಲ್ಲಿ ಅವಳ ಕೈ ಹಿಡಿಯುವ ಇಬ್ಬರು ಗೆಳತಿಯರು ದುಃಖ ಮತ್ತು ಯಾತನೆ. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಬ್ಯಾಂಡೊಂದು ತನ್ನ ಮುಂದಿನ ಹೆಜ್ಜೆಗೆ ಇಂಥ ಹೆಸರನ್ನು ಆರಿಸಿಕೊಂಡಿತು ಎನ್ನುವುದೇ ಸಾಕಷ್ಟು ಹೇಳುತ್ತದೆ.

ಇದಕ್ಕೂ ಹಿಂದಿನದು ಡಬ್ಲಿನ್ ನಗರದ 'ಯು2' ಬ್ಯಾಂಡಿನ 'ಅಕ್ಟೋಬರ್', 1981ರ ಆಲ್ಬಂ. ಅದೂ ಎರಡನೆಯದೇ. ನಾಲ್ವರಲ್ಲಿ ಮೂವರು ಆಗ 'ಶಾಲೋಮ್' ಎಂಬ ಕ್ರೈಸ್ತ ಕೂಟದಲ್ಲಿದ್ದರು. ರಾಕ್ ಸಂಗೀತವೂ ಭಕ್ತಿಯೂ ಒಟ್ಟಿಗೆ ಸಾಧ್ಯವೇ ಎಂಬ ಗೊಂದಲದಲ್ಲಿ ಬ್ಯಾಂಡೇ ಒಡೆಯುವ ಹಂತ ತಲುಪಿತ್ತು. ಆ ಸಮಯದಲ್ಲೇ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಗಾಯಕ ಬೋನೋ ಹಾಡುಗಳನ್ನು ಬರೆದಿಟ್ಟುಕೊಂಡಿದ್ದ ಚೀಲ ಕಳೆದುಹೋಯಿತು. ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತೇ ಅವರು ಸಾಹಿತ್ಯ ಕಟ್ಟಬೇಕಾಯಿತು. ಮೊದಲ ಹಾಡಿನಲ್ಲಿ ಗಾಯಕ ತನ್ನ ಭಾಷೆಯಲ್ಲಿ ತಡವರಿಸಿ, ಕೊನೆಗೆ ಚರ್ಚಿನ ಹಳೆಯ ಲ್ಯಾಟಿನ್ ಸ್ತುತಿಯನ್ನು ಹಿಡಿದುಕೊಳ್ಳುತ್ತಾನೆ. ತನ್ನ ಮಾತು ಮುಗಿದಲ್ಲಿ ಪರಂಪರೆಯ ಮಾತು ನೆರವಿಗೆ ಬರುವ ಆ ಜಾಗ ಆಲ್ಬಂನ ಅತ್ಯಂತ ಪ್ರಾಮಾಣಿಕ ಜಾಗ.

ಕನ್ನಡದಲ್ಲಿ ಇದರ ಹತ್ತಿರಕ್ಕೆ ಬರುವ ಪ್ರಸಂಗ ಯಾವುದು ಎಂದು ಹುಡುಕಿದರೆ ನನಗೆ ಸಿಗುವುದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಬ್ಯಾಂಡಿನ ಎರಡನೆಯ ಆಲ್ಬಂ 'ಜಗ್ ಚಂಗಾ', 2013ರದು. ಈ ಬ್ಯಾಂಡು ಯಾವ ಮತದ ಪ್ರಚಾರಕ್ಕೂ ಹುಟ್ಟಿದ್ದಲ್ಲ. ಅದರ ಹಾಡುಗಳಲ್ಲಿ ಪ್ರೇಮವಿದೆ, ಅಲೆದಾಟವಿದೆ, ನೆನಪಿದೆ. ಆದರೆ ಅದರ ಕನ್ನಡದ ಬೆನ್ನೆಲುಬು ಶಿಶುನಾಳ ಶರೀಫರ ತತ್ವಪದಗಳು. ಸಂತನೊಬ್ಬನ ಮಾತನ್ನು ಗಿಟಾರು, ಬೇಸ್, ಡ್ರಮ್ಸ್‌ಗಳ ನಡುವೆ ಇಟ್ಟು, ಅದು ಯಾವ ಭಾಷೆಯೆಂದೇ ಗೊತ್ತಿಲ್ಲದ ಜನರ ಮುಂದೆ ಹಾಡಿ ಗೆದ್ದ ಬ್ಯಾಂಡು ಇದು. ಕ್ರೈಸ್ತ ಬ್ಯಾಂಡಿನ ಗಾಯಕನಿಗಿರುವ ಪ್ರಶ್ನೆ 'ನಾನು ಯಾರಿಗೆ ಹಾಡುತ್ತಿದ್ದೇನೆ?' ಎಂಬುದು. ಶರೀಫರನ್ನು ಹಾಡುವವರಿಗೆ ಇನ್ನೊಂದು ಪ್ರಶ್ನೆಯಿದೆ: 'ನಾನು ಯಾರ ಬಾಯಾಗಿ ಹಾಡುತ್ತಿದ್ದೇನೆ?' ಏಕೆಂದರೆ ಇಲ್ಲಿ ಸಾಕ್ಷಿ ಹೇಳುವವನು ಗಾಯಕನಲ್ಲ. ಪದದ ಕೊನೆಯಲ್ಲಿ ಸಹಿ ಹಾಕಿರುವ ಶಿಶುನಾಳಧೀಶನ ಭಕ್ತ ಬೇರೆಯೇ ಇದ್ದಾನೆ, 1889ರಲ್ಲೇ ತೀರಿಕೊಂಡಿದ್ದಾನೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ. ಮುಸ್ಲಿಂ ಮನೆಯ ಈ ಹುಡುಗನಿಗೆ ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಈ ಗುರುಶಿಷ್ಯ ಸಂಬಂಧ ತತ್ವಪದಗಳ ಹಿನ್ನೆಲೆ ಎನ್ನುವುದಕ್ಕಿಂತ ಅವುಗಳ ವಸ್ತುವೇ ಎನ್ನಬೇಕು. ಎಷ್ಟೋ ಪದಗಳು ಗೋವಿಂದ ಗುರುವಿನ ಪಾದಕ್ಕೆ ಬಂದು ನಿಲ್ಲುತ್ತವೆ. ಅವು ಬದುಕಿದ್ದು ಮೊದಲು ಭಜನಾ ಮೇಳಗಳಲ್ಲಿ, ಏಕತಾರಿ, ದಮ್ಮಡಿ, ತಾಳಗಳ ಜೊತೆ, ರಾತ್ರಿ ಕೂತು ಹಾಡುವ ಹತ್ತಾರು ಜನರ ನಡುವೆ. ಒಬ್ಬ ಹೇಳುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ನಂತರ ಸಿ. ಅಶ್ವಥ್ ಈ ಪದಗಳನ್ನು ಹಾರ್ಮೋನಿಯಂ ಮುಂದಿಟ್ಟುಕೊಂಡು ತಮ್ಮ ಏರುದನಿಯಲ್ಲಿ ಹಾಡಿದರು. ಕ್ಯಾಸೆಟ್ಟುಗಳ ಮೂಲಕ ಅವು ಹಳೆ ಮೈಸೂರಿನ ಮನೆಗಳಿಗೂ ಬಂದವು. ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಅಶ್ವಥ್ ಅವರದೇ. ಆ ಚಿತ್ರಕ್ಕೆ ಸಿಕ್ಕಿದ್ದು ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ. ಅಲ್ಲಿಂದಾಚೆಗೆ ಶರೀಫರೆಂದರೆ ಸೌಹಾರ್ದದ ಸಂಕೇತ ಎಂಬ ಓದು ಗಟ್ಟಿಯಾಯಿತು. ಅದು ಸುಳ್ಳಲ್ಲ. ಆದರೆ ಸಂಕೇತವಾದ ಸಂತ ಯಾರನ್ನೂ ಬೈಯುವುದಿಲ್ಲ. ಪದಗಳ ಶರೀಫ ಬೈಯುತ್ತಾರೆ.

ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ ಅದರಲ್ಲಿ ಶರೀಫರ ಎರಡು ಪದಗಳಿದ್ದವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಒಂದರಲ್ಲಿ ದೇಹವೇ ಹುಕ್ಕಾ, ಇನ್ನೊಂದರಲ್ಲಿ ಮನೆಯ ಚಾವಣಿ ಸೋರುತ್ತಿದೆ, ಹತ್ತಿ ಸರಿಮಾಡುವವರಿಲ್ಲ. ಎರಡೂ ಒಳಮನೆಯ ರೂಪಕಗಳು. ಮಾತನಾಡುವ ಜೀವ ತನ್ನ ಪಾಡನ್ನೇ ನೋಡಿಕೊಳ್ಳುತ್ತಿದೆ. ಇದಾದ ಮೇಲೆ ಬ್ಯಾಂಡಿನ ಅದೃಷ್ಟ ತಿರುಗಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ನಂತರ ಬ್ರಿಟನ್ನಿನಲ್ಲಿ ಆ ಆಲ್ಬಂ ಬಿರುಸಾಗಿ ಮಾರಾಟವಾಯಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ರಘು ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ತೆರೆದ ಗಂಟಲು, ಸಾವಿರಾರು ಜನರನ್ನು ಎಬ್ಬಿಸಿ ಕುಣಿಸುವ ಉತ್ಸಾಹ, ಇವು ಬ್ಯಾಂಡಿನ ಗುರುತಾದವು. ಹೀಗೆ ಲೋಕವೇ ಎದುರಿಗೆ ಬಂದು ನಿಂತ ಮೇಲೆ ಬಂದ ಆಲ್ಬಂ 'ಜಗ್ ಚಂಗಾ'. ಅದರಲ್ಲಿ ಶರೀಫರ 'ಲೋಕದ ಕಾಳಜಿ' ಇದೆ, 'ಕೋಡಗನ ಕೋಳಿ ನುಂಗಿತ್ತ' ಇದೆ. ಮನೆಯ ಮಾಳಿಗೆಯಿಂದ ಲೋಕಕ್ಕೆ ದಾಟಿದ ಈ ಆಯ್ಕೆ ಉದ್ದೇಶಪೂರ್ವಕವೋ ಅಲ್ಲವೋ, ಕೇಳುಗನಿಗೆ ಮಾತ್ರ ಅರ್ಥಪೂರ್ಣ.

ಈಗ ಆಲ್ಬಂನ ಹೆಸರನ್ನೂ 'ಲೋಕದ ಕಾಳಜಿ'ಯನ್ನೂ ಅಕ್ಕಪಕ್ಕ ಇಟ್ಟು ನೋಡಿ. 'ಜಗ್ ಚಂಗಾ' ಎಂದರೆ ಜಗತ್ತು ಚೆನ್ನಾಗಿದೆ. ಉತ್ತರ ಭಾರತದ ಸಂತ ರವಿದಾಸರ ಹೆಸರಿನಲ್ಲಿರುವ ಒಂದು ಪ್ರಸಿದ್ಧ ಮಾತನ್ನು ಈ ನುಡಿಗಟ್ಟು ನೆನಪಿಸುತ್ತದೆ. ಮನಸ್ಸು ಚೆನ್ನಾಗಿದ್ದರೆ ಚರ್ಮ ನೆನೆಹಾಕುವ ಮರಿಗೆಯ ನೀರಲ್ಲೇ ಗಂಗೆ ಇದ್ದಾಳೆ ಎಂಬುದು ಅದರ ತಾತ್ಪರ್ಯ. ರವಿದಾಸರ ಮಾತಿನಲ್ಲಿ ಮರಿಗೆ ಇದೆ, ಚರ್ಮವಿದೆ, ಕಾಶಿಯ ಗಂಗೆಗೆ ಎದುರಾಗಿ ನಿಂತ ಚಮ್ಮಾರನ ಕಸುಬಿದೆ. 'ಜಗ್ ಚಂಗಾ' ಎಂಬ ಎರಡು ಪದಗಳಲ್ಲಿ ಉಳಿಯುವುದು ಒಳ್ಳೆಯ ಹಾರೈಕೆ ಮಾತ್ರ. ಅದರಲ್ಲಿ ತಪ್ಪೇನಿಲ್ಲ. ಲಂಡನ್ನಿನಲ್ಲೂ ಬೆಂಗಳೂರಿನಲ್ಲೂ ಏಕಕಾಲಕ್ಕೆ ಒಪ್ಪಿಗೆಯಾಗುವ ಮಾತು ಇದು. ಒಪ್ಪಿಗೆಯಾಗದವರು ಯಾರೂ ಇಲ್ಲದ ಮಾತು ಎಂಬುದೇ ಅದರ ಮಿತಿ.

ಅದೇ ಆಲ್ಬಂನಲ್ಲಿ ಶರೀಫಜ್ಜ ಎದ್ದು ನಿಂತು ಇದಕ್ಕೆ ತಕರಾರು ತೆಗೆಯುತ್ತಾರೆ. 'ಲೋಕದ ಕಾಳಜಿ' ಪದ ಲೋಕದ ಚಿಂತೆ ಹೊತ್ತವನನ್ನು ಗೇಲಿ ಮಾಡುತ್ತದೆ. ಮಾಡಪ್ಪ, ನಿನ್ನನ್ನು ಬೇಡ ಎಂದವರು ಯಾರು ಎಂಬ ಧಾಟಿ ಅದರದು. ನಿನ್ನದು ಗಳಿಗೆ ಹೊತ್ತಿನ ಸಂತೆ, ಅದರಲ್ಲಿ ಮಹಡಿ ಕಟ್ಟುವ ಆಸೆ, ಅಂಬಾರಿ ಏರುವ ಆಸೆ, ಕೊನೆಗೆ ಮಣ್ಣಿಗೆ ಇಳಿಯಬೇಕೆಂಬುದನ್ನು ಮಾತ್ರ ಮರೆತಿದ್ದೀಯ ಎನ್ನುತ್ತದೆ. ಪದದ ಬಲ ಅದರ ಕ್ರಿಯಾಪದದ ತುದಿಯಲ್ಲಿದೆ. ಸಾಲುಸಾಲಿನ ಕೊನೆಗೂ 'ಅಂತಿ' ಬಂದು ಬಡಿಯುತ್ತದೆ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು 'ಎನ್ನುತ್ತೀಯೆ'. ಹೀಗಂತಿ, ಹಾಗಂತಿ ಎಂದು ಎದುರಿಗಿರುವವನ ಮಾತನ್ನೇ ಅವನ ಮುಖಕ್ಕೆ ತಿರುಗಿಸಿ ಹಿಡಿಯುವ ಕ್ರಮ. ಮೈಸೂರಿನಲ್ಲಿ ಬೆಳೆದ ಗಾಯಕ ಈ ತುದಿಗಳನ್ನು ತಿದ್ದಿ ಶಿಷ್ಟ ಕನ್ನಡ ಮಾಡಲಿಲ್ಲ ಎಂಬುದು ಆಲ್ಬಂನ ದೊಡ್ಡ ಗೌರವ. 'ಚಿಂತಿ', 'ಸಂತಿ' ಎಂಬ ಇಕಾರಾಂತಗಳು ಹಾಗೆಯೇ ಉಳಿದಿವೆ. ಅವು ಹೋದರೆ ಪ್ರಾಸ ಹೋಗುತ್ತದೆ. ಪ್ರಾಸ ಹೋದರೆ ಬೈಗುಳದ ಮೊನೆ ಹೋಗುತ್ತದೆ.

ಇಲ್ಲಿ ಕ್ರೈಸ್ತ ಪಾಪ್ ರಾಕ್ ಜೊತೆಗಿನ ಹೋಲಿಕೆ ನನಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆ ಬ್ಯಾಂಡುಗಳ ಆರಾಧನಾ ಗೀತೆಗಳಲ್ಲಿ ಸಭೆ ಒಟ್ಟಾಗಿ 'ನಾನು' ಎಂದು ಹಾಡುತ್ತದೆ, 'ನೀನು' ಎಂದರೆ ದೇವರು. ಸಾವಿರ ಜನ ಸೇರಿದ್ದರೂ ವ್ಯಾಕರಣದ ಪ್ರಕಾರ ಅಲ್ಲಿರುವವರು ಇಬ್ಬರೇ. ಪಕ್ಕದಲ್ಲಿ ನಿಂತವನು ಆ ಮಾತುಕತೆಯಲ್ಲಿ ಇಲ್ಲ. ದೇವರ ಹೆಸರು ತೆಗೆದರೆ ಅದು ಪ್ರೇಮಗೀತೆಯಾಗಿಬಿಡುತ್ತದೆ ಎಂಬ ಹಳೆಯ ಆಕ್ಷೇಪಕ್ಕೂ ಕಾರಣ ಇದೇ. ಶರೀಫರ ಪದದಲ್ಲಿ 'ನೀನು' ದೇವರಲ್ಲ, ಎದುರಿಗೆ ಕೂತ ಮನುಷ್ಯ. ಭಜನಾ ಮೇಳದಲ್ಲಿ ಹೇಳುವವನು ಮೊದಲು ಬೈಯುತ್ತಾನೆ, ಎತ್ತಿಕೊಳ್ಳುವವರು ತಿರುಗಿ ಅದೇ ಮಾತಿನಲ್ಲಿ ಅವನನ್ನೇ ಬೈಯುತ್ತಾರೆ. ಸುತ್ತು ಮುಗಿಯುವ ಹೊತ್ತಿಗೆ ಬೈಸಿಕೊಳ್ಳದವರು ಯಾರೂ ಉಳಿದಿರುವುದಿಲ್ಲ. ಪದ ಕೊನೆಗೆ ಗೋವಿಂದನ ಪಾದ, ಶಿಶುನಾಳಧೀಶನ ದಯೆ ಎಂದು ಆಸರೆ ತೋರಿಸುವುದು ಹೀಗೆ ಎಲ್ಲರೂ ಸಮನಾಗಿ ಬೈಸಿಕೊಂಡ ಮೇಲೆ.

ರಾಕ್ ವೇದಿಕೆಯಲ್ಲಿ ಈ ಸಮಾನತೆ ಸುಲಭವಲ್ಲ. ಒಬ್ಬ ಎತ್ತರದಲ್ಲಿ ದೀಪದ ಕೆಳಗೆ ನಿಂತಿದ್ದಾನೆ, ಉಳಿದವರು ಕೆಳಗೆ ಕತ್ತಲೆಯಲ್ಲಿದ್ದಾರೆ. ಅಂಬಾರಿ ಏರಬೇಡ ಎನ್ನುವವನೇ ಅಂಬಾರಿಯ ಮೇಲಿದ್ದಾನೆ ಎಂದು ಯಾರಾದರೂ ಕೊಂಕು ತೆಗೆಯಬಹುದು. ಈ ಕೊಂಕಿನಿಂದ ಹಾಡನ್ನು ಪಾರುಮಾಡುವುದು ಎರಡು ಸಂಗತಿ. ಒಂದು, ರಘು ಅವರ ದನಿಯಲ್ಲಿರುವ ನಗು. ಅವರು ಉಪದೇಶಕನ ದನಿಯಲ್ಲಿ ಹಾಡುವುದಿಲ್ಲ, ಸಂತೆಯಲ್ಲಿ ಸಿಕ್ಕ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಕಾಲೆಳೆಯುವವರಂತೆ ಹಾಡುತ್ತಾರೆ. ಇನ್ನೊಂದು, ಪಲ್ಲವಿಯನ್ನು ಸಭೆ ಎತ್ತಿಕೊಳ್ಳುವುದು. ಜನ ತಿರುಗಿ ಹಾಡಿದ ಕ್ಷಣದಲ್ಲಿ ಬೈಗುಳ ವೇದಿಕೆಯ ಕಡೆಗೂ ಹೋಗುತ್ತದೆ. ಭಜನಾ ಮೇಳದ ಹೇಳುವ-ಎತ್ತಿಕೊಳ್ಳುವ ಕಟ್ಟು ಮತ್ತು ರಾಕ್ ಸಂಗೀತದ ಸಭಾಗಾಯನದ ಕಟ್ಟು ಒಂದಕ್ಕೊಂದು ಹೊಂದಿಕೊಂಡಿದ್ದರಿಂದಲೇ ಈ ಹಾಡು ಗೆದ್ದಿತು ಎಂದು ನನಗನ್ನಿಸುತ್ತದೆ. ಗಿಟಾರಿನಿಂದ ಗೆದ್ದದ್ದಲ್ಲ, ಈ ಹೊಂದಿಕೆಯಿಂದ.

'ಕೋಡಗನ ಕೋಳಿ ನುಂಗಿತ್ತ' ವಿಷಯದಲ್ಲಿ ನನಗೆ ಇಷ್ಟು ನೆಮ್ಮದಿಯಿಲ್ಲ. ಇದು ಬೆಡಗಿನ ಪದ. ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು, ಗೋಡೆ ಸುಣ್ಣವನ್ನು, ಒರಳು ಒನಕೆಯನ್ನು. ಕುಣಿಯಲು ಬಂದವಳನ್ನು ಮದ್ದಳೆ ನುಂಗುತ್ತದೆ, ಮಗ್ಗದಲ್ಲಿ ಕೂತವನನ್ನೂ ಅವನ ಉಪಕರಣವೇ ನುಂಗುತ್ತದೆ. ಹಳ್ಳಿಯ ಇಡೀ ದುಡಿಮೆಯ ಲೋಕ, ಅಡುಗೆಮನೆಯಿಂದ ಮಗ್ಗದವರೆಗೆ, ಒಂದೊಂದಾಗಿ ನುಂಗಿಸಿಕೊಂಡು ಕೊನೆಗೆ ಗುರುವಿನ ಪಾದ 'ನನ್ನನ್ನು' ನುಂಗುತ್ತದೆ. ಅಲ್ಲಿಯವರೆಗಿನ ಎಲ್ಲ ತಮಾಷೆಯೂ ಈ ಒಂದು ನುಂಗುವಿಕೆಗೆ ಮಾಡಿದ ಸಿದ್ಧತೆ. ಮಗುವೂ ನಗುವ ವಿಚಿತ್ರಗಳನ್ನು ಕೇಳುತ್ತ ಕೇಳುತ್ತ ನಕ್ಕವನೇ ಕಾಣೆಯಾಗಿಬಿಡುವ ರಚನೆ.

ಚರಣ ಮುಗಿದ ಮೇಲೆ ಪಲ್ಲವಿಗೆ ಮರಳುವುದು ಈ ಪದಕ್ಕೆ ಹೊಸದೇನಲ್ಲ. ಅಶ್ವಥ್ ಹಾಡಿದಾಗಲೂ, ಮೇಳದವರು ಹಾಡಿದಾಗಲೂ ಕೋಳಿ ಮರಳಿ ಬರುತ್ತದೆ. ಆದರೆ ಮೇಳದಲ್ಲಿ ಗುರುವಿನ ಹೆಸರು ಬಂದಾಗ ಕೂತವರಿಗೆ ಅದು ಯಾರೆಂದು ಗೊತ್ತು, ಆ ಹೆಸರಿನ ಭಾರ ಗೊತ್ತು. ಕೊನೆಯ ಸಲದ ಪಲ್ಲವಿ ಮೊದಲ ಸಲದ ಪಲ್ಲವಿಯಂತೆ ಕೇಳುವುದಿಲ್ಲ. ರಾಕ್ ಹಾಡಿನ ಕಟ್ಟು ಪಲ್ಲವಿಯ ಕಡೆಗೇ ವಾಲುತ್ತದೆ. ಉಬ್ಬರ ಇರುವುದು ಅಲ್ಲಿ, ಜನ ಕಾಯುವುದು ಅದಕ್ಕೆ. ಹಾಗಾಗಿ ಗುರುವಿನ ಪಾದ ಇನ್ನೊಂದು ವಿಚಿತ್ರವಾಗಿ ಪಟ್ಟಿಯಲ್ಲಿ ಸೇರಿ ಹೋಗುತ್ತದೆ, ಆಡು ಆನೆಯ ಸಾಲಿನಲ್ಲೇ. 'ನಾನು' ನುಂಗಿಸಿಕೊಳ್ಳುವುದಿಲ್ಲ, ಇನ್ನೂ ಜೋರಾಗಿ ಕುಣಿಯುತ್ತದೆ. ಒಂದು ಕ್ಷಣ ವಾದ್ಯಗಳು ನಿಂತು, ಆ ಚರಣ ಬರಿಗಂಟಲಿನಲ್ಲಿ ಬಂದಿದ್ದರೆ ಎಂದು ನಾನು ಕೇಳುವಾಗಲೆಲ್ಲ ಅಂದುಕೊಳ್ಳುತ್ತೇನೆ. 'ಅಕ್ಟೋಬರ್' ಆಲ್ಬಂನ ಗಾಯಕ ಲ್ಯಾಟಿನ್ ಸ್ತುತಿಗೆ ಬಂದು ತಲುಪುವಾಗ ಅದು ಬೇರೆ ಕಡೆಯಿಂದ ಬಂದ ಮಾತು ಎಂದು ಕಿವಿಗೆ ತಿಳಿಯುತ್ತದೆ. ಗೋವಿಂದ ಗುರುವಿನ ಹೆಸರಿಗೂ ಅಂಥದೊಂದು ಜಾಗ ಬೇಕಿತ್ತು.

ಈ ಮಾತನ್ನು ಶುದ್ಧತೆಯ ವಾದವೆಂದು ಯಾರೂ ತಿಳಿಯಬಾರದು. ತತ್ವಪದಕ್ಕೆ ಗಿಟಾರು ಸೇರಿಸುವುದೇ ಅಪಚಾರ ಎನ್ನುವವರು ಹಾರ್ಮೋನಿಯಂ ಎಲ್ಲಿಂದ ಬಂತೆಂದು ಯೋಚಿಸಲಿ. ಅದೂ ಯುರೋಪಿನಿಂದ ಹಡಗಿನಲ್ಲಿ ಬಂದದ್ದೇ. ಅಶ್ವಥ್ ಅವರ ನಾಟಕೀಯ ಗಾಯನವೂ ಒಂದು ಕಾಲಕ್ಕೆ ಹೊಸದಾಗಿತ್ತು. ಹಸ್ತಪ್ರತಿಯಲ್ಲಿ ನಿಂತ ಪಠ್ಯಕ್ಕೆ ಒಂದು ಮೂಲ ರೂಪ ಹುಡುಕುವ ಹಂಬಲ ನಮ್ಮ ವಿಶ್ವವಿದ್ಯಾಲಯಗಳದು. ಬಾಯಿಂದ ಬಾಯಿಗೆ ಬಂದ ಪದಕ್ಕೆ ಆ ಹಂಬಲವನ್ನು ಹಾಗೆಯೇ ಹೊಂದಿಸಲಾಗದು. ಕೇಳಬೇಕಾದ ಪ್ರಶ್ನೆ ವಾದ್ಯ ಯಾವುದೆಂದಲ್ಲ. ಪದ ತನ್ನ ಕೆಲಸವನ್ನು ಇನ್ನೂ ಮಾಡುತ್ತಿದೆಯೇ ಎಂಬುದು. ಬೈಯಬೇಕಾದ ಪದ ಬೈಯುತ್ತಿದೆಯೇ? ನುಂಗಬೇಕಾದ ಪದ ನುಂಗುತ್ತಿದೆಯೇ?

ಈ ಪ್ರಶ್ನೆ ನಮ್ಮ ತಲೆಮಾರಿಗೆ ಬರೀ ಸಂಗೀತದ ಪ್ರಶ್ನೆಯಲ್ಲ. ಜ್ಞಾನಭಾರತಿಯ ಪಕ್ಕದ ರಾಜರಾಜೇಶ್ವರಿನಗರದಲ್ಲಿ ನವೆಂಬರ್ ಬಂತೆಂದರೆ ಬಡಾವಣೆಗೊಂದರಂತೆ ರಾಜ್ಯೋತ್ಸವದ ಪೆಂಡಾಲು ಏಳುತ್ತದೆ. ಆರ್ಕೆಸ್ಟ್ರಾದವರು ಚಿತ್ರಗೀತೆಗಳ ನಡುವೆ ಶರೀಫರ ಪದವೊಂದನ್ನು ಹಾಡಿದರೆ ಹುಡುಗರು ಎದ್ದು ಕುಣಿಯುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಇವರಲ್ಲಿ ಅನೇಕರಿಗೆ ಶರೀಫರ ಪರಿಚಯವಾದದ್ದೇ ಬ್ಯಾಂಡಿನ ಹಾಡಿನಿಂದ. ತತ್ವಪದ ಎಂಬ ಶಬ್ದ ಅವರಿಗೆ ನಂತರ ಸಿಗುತ್ತದೆ, ಕೆಲವರಿಗೆ ಸಿಗುವುದೇ ಇಲ್ಲ. ಕನ್ನಡ ಅಧ್ಯಯನ ಮಾಡುವ ನಮ್ಮಂಥವರು ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಶಿಗ್ಗಾವಿ ಸೀಮೆಯ ಮಾತು ಪಶ್ಚಿಮ ಬೆಂಗಳೂರಿನ ಹುಡುಗನೊಬ್ಬನ ಬಾಯಲ್ಲಿ ಇಕಾರ ಸಮೇತ ಕೂತದ್ದು ಯಾವ ಪಠ್ಯಪುಸ್ತಕದಿಂದಲೂ ಆಗದ ಕೆಲಸ. ಸುತ್ತ ಮಹಡಿಯ ಮೇಲೆ ಮಹಡಿ ಏಳುತ್ತಿರುವ ಊರಿನಲ್ಲಿ, ಮಹಡಿ ಕಟ್ಟುವವನನ್ನು ಗೇಲಿ ಮಾಡುವ ಪದಕ್ಕೆ ಜನ ಕುಣಿಯುತ್ತಿದ್ದಾರೆ. ಅದು ಅವರಿಗೆ ತಟ್ಟುತ್ತಿದೆಯೇ ಎಂದು ಹೇಳುವುದು ಕಷ್ಟ. ತಟ್ಟುವ ಸಾಧ್ಯತೆಯನ್ನಂತೂ ಹಾಡು ಉಳಿಸಿಕೊಂಡಿದೆ.

'ಜಗ್ ಚಂಗಾ' ಆಲ್ಬಂನ ಬೆಲೆ ನನಗೆ ಈ ಒಳಜಗಳದಲ್ಲಿದೆ. ಅದರ ಶೀರ್ಷಿಕೆಗೆ ಎಲ್ಲರನ್ನೂ ಒಪ್ಪಿಸುವ ಆಸೆ. ಅದು ಎರಡನೆಯ ಆಲ್ಬಂನ ಆಸೆ, ಲೋಕ ತನ್ನನ್ನು ಪ್ರೀತಿಸಿತೆಂದು ಗೊತ್ತಾದ ಬ್ಯಾಂಡಿನ ಆಸೆ. 'ಜಾರ್ಸ್ ಆಫ್ ಕ್ಲೇ' ಅಂಥ ಹೊತ್ತಿನಲ್ಲಿ ತನ್ನ ಹೆದರಿಕೆಗೆ ಹೆಸರಿಟ್ಟಿತು. ರಘು ದೀಕ್ಷಿತ್ ಹೆದರಿಕೆಯನ್ನು ಹೇಳಿಕೊಳ್ಳಲಿಲ್ಲ, ಜಗತ್ತು ಚೆನ್ನಾಗಿದೆ ಎಂದರು. ಆದರೆ ಅದೇ ಆಲ್ಬಂನೊಳಗೆ ತಮಗೆ ಎದುರಾಡುವ ಮುದುಕನೊಬ್ಬನಿಗೂ ಜಾಗ ಕೊಟ್ಟರು. ಆತ ಲೋಕದ ಪ್ರೀತಿಯನ್ನೂ ಗಳಿಗೆಯ ಸಂತೆಯ ಲೆಕ್ಕಕ್ಕೇ ಸೇರಿಸುತ್ತಾನೆ. ಓದುಗರಲ್ಲಿ ನನ್ನದೊಂದು ಕೋರಿಕೆ: ಶೀರ್ಷಿಕೆಯ ಹಾಡು ಮುಗಿದ ಕೂಡಲೇ 'ಲೋಕದ ಕಾಳಜಿ'ಯನ್ನು ಹಾಕಿ ಕೇಳಿ. ಆಮೇಲೆ ಹಾವೇರಿ, ಧಾರವಾಡ ಸೀಮೆಯ ಯಾವುದಾದರೂ ಭಜನಾ ಮೇಳ ಹಾಡಿದ ಅದೇ ಪದವನ್ನು ಹುಡುಕಿ ಕೇಳಿ, ಎತ್ತಿಕೊಳ್ಳುವವರ ಗುಂಪಿನಲ್ಲಿ ಮನಸ್ಸಿನಲ್ಲೇ ಕೂತುಕೊಂಡು. ಆಗ ಬ್ಯಾಂಡು ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂಬುದು ನಿಮಗೇ ಕೇಳಿಸುತ್ತದೆ.